ಗುಜರಿಗೆ ಹೋಗಬೇಕಿದ್ದ ರೋಡ್‌ಕಿಂಗ್

ಚನ್ನಗಿರಿ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಮನೆಯ ಹಿತ್ತಲಲ್ಲಿ ಅಡಿಕೆ ಬೇಯಿಸುವ ಶೆಡ್ಡೊಂದಿದೆ. ಅದರ ಮೂಲೆಯಲ್ಲಿ ಹಳೆಯ ಗೋಣಿಚೀಲಗಳನ್ನು ಹೊದ್ದುಕೊಂಡು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ನಿಂತಿದ್ದ ವಸ್ತುವೊಂದನ್ನು ಮನೆಯವರು 'ಗಾಡಿ' ಎಂದಷ್ಟೇ ಕರೆಯುತ್ತಿದ್ದರು. ಗೋಣಿ ಸರಿಸಿದರೆ ಕಾಣುವುದು 1991ರ ಯೆಜ್ಡಿ ರೋಡ್‌ಕಿಂಗ್. ಟ್ಯಾಂಕಿನ ಬಣ್ಣ ಎದ್ದಿತ್ತು, ಸೀಟನ್ನು ಇಲಿ ತಿಂದಿತ್ತು, ಎರಡು ಸೈಲೆನ್ಸರ್‌ಗಳ ಪೈಕಿ ಒಂದಕ್ಕೆ ಕೈಬೆರಳು ತೂರುವಷ್ಟು ತೂತು ಬಿದ್ದಿತ್ತು. ಮಾವ ತೀರಿಕೊಂಡು ಮೂರು ವರ್ಷವಾದ ಮೇಲೆ ಊರಿಗೆ ಬಂದ ಗುಜರಿಯವನು ಅದನ್ನು ಕೆ.ಜಿ. ಲೆಕ್ಕದಲ್ಲಿ ಕೇಳಿದ. ಅತ್ತೆ ನನಗೆ ಫೋನು ಮಾಡಿದರು. "ನೋಡಪ್ಪ, ಓಡ್ಸೋದಾದ್ರೆ ಓಡ್ಸ್ರಿ. ಇಲ್ಲಾಂದ್ರೆ ಕೊಟ್ಟು ಕಳಿಸ್ತೀನಿ. ಸುಗ್ಗಿ ಬಂತು, ಶೆಡ್ಡಿನಾಗೆ ಅಡ್ಡ ಆಗೈತೆ."

ಹೀಗೆ ಶುರುವಾದ ಕೆಲಸ ನನ್ನನ್ನೂ ಮಾವನ ಮಗನನ್ನೂ ಒಂದು ವರ್ಷ ಹೊನ್ನಾಳಿ, ನ್ಯಾಮತಿ, ಜಗಳೂರು, ದಾವಣಗೆರೆಗಳಲ್ಲಿ ಸುತ್ತಿಸಿತು. ಹಳೆಯ ಮೋಟಾರ್ ಸೈಕಲ್ ಒಂದಕ್ಕೆ ಮನೆಯಲ್ಲೇ ಮರುಜೀವ ಕೊಡುವುದೆಂದರೆ ಕಬ್ಬಿಣದ ಕೆಲಸ ಅರ್ಧ, ಕಾಗದದ ಕೆಲಸ ಇನ್ನರ್ಧ ಎಂಬುದು ಅಲ್ಲಿಯವರೆಗೆ ನಮಗೆ ತಿಳಿದಿರಲಿಲ್ಲ.

ಗಾಡಿಯ ಕುಲಗೋತ್ರವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಐವತ್ತರ ದಶಕದಲ್ಲಿ ಭಾರತ ಸರ್ಕಾರ ವಿದೇಶಿ ವಾಹನಗಳ ಆಮದಿಗೆ ಕಡಿವಾಣ ಹಾಕಿ, ಬೇಕಾದವರು ಇಲ್ಲಿಯೇ ತಯಾರಿಸಲಿ ಎಂಬ ನೀತಿ ಹಿಡಿಯಿತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು ಆಗ ಚೆಕೊಸ್ಲೊವಾಕಿಯಾದ ಜಾವಾ ಕಂಪೆನಿಯ ಪರವಾನಗಿ ಪಡೆದು 1960ರಲ್ಲಿ 'ಐಡಿಯಲ್ ಜಾವಾ' ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿಕೆ ಆರಂಭವಾಯಿತು. ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಜಾವಾ ಎಂಬ ಹೆಸರಿಗೂ ಇಂಡೊನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. ಸ್ಥಾಪಕ ಫ್ರಾಂಟಿಶೆಕ್ ಯಾನೆಚೆಕ್‌ನ ಹೆಸರಿನ ಮೊದಲ ಎರಡಕ್ಷರ ಮತ್ತು ಅವನು ವಿನ್ಯಾಸ ಕೊಂಡುಕೊಂಡಿದ್ದ ಜರ್ಮನಿಯ ವಾಂಡರರ್ ಕಂಪೆನಿಯ ಮೊದಲ ಎರಡಕ್ಷರ ಸೇರಿ ಅದಾಯಿತು. ಎಪ್ಪತ್ತರ ದಶಕದಲ್ಲಿ ಮೈಸೂರಿನ ಗಾಡಿಗಳು ಜಾವಾ ಹೆಸರನ್ನು ಬಿಟ್ಟು 'ಯೆಜ್ಡಿ' ಆದವು. 1978ರಲ್ಲಿ ರೋಡ್‌ಕಿಂಗ್ ಬಂತು. ಚೆಕ್ ದೇಶದ ಮೋಟೊಕ್ರಾಸ್ ಪಂದ್ಯದ ಬೈಕುಗಳ ಛಾಯೆ ಅದರಲ್ಲಿತ್ತು. 250 ಸಿ.ಸಿ., 16 ಅಶ್ವಶಕ್ತಿ. ಇಂದಿನ ಹುಡುಗರಿಗೆ ಇದು ನಗೆಪಾಟಲು ಎನಿಸಬಹುದು. ಆದರೆ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳಿಗೆ ಇದೇ ಓಟದ ಕುದುರೆ.

ಇದಕ್ಕಿಂತ ಜೋರಿನದು ಇರಲಿಲ್ಲವೆಂದಲ್ಲ. 1983ರಲ್ಲಿ ಎಸ್ಕಾರ್ಟ್ಸ್ ಕಂಪೆನಿ ಯಮಹಾದ ಆರ್.ಡಿ. 350 ಬೈಕನ್ನು 'ರಾಜದೂತ್ 350' ಎಂಬ ಹೆಸರಿನಲ್ಲಿ ತಂದಿತು. ಎರಡು ಸಿಲಿಂಡರ್, ಆರು ಗೇರು, ಮೊದಲ ಮಾದರಿಗೆ 30.5 ಅಶ್ವಶಕ್ತಿ. ಅದು ಕುಡಿಯುವ ಪೆಟ್ರೋಲು ಮತ್ತು ಅದರ ಬೆಲೆ ನೋಡಿಯೇ ಜನ ಹಿಂದೆ ಸರಿದರು. ದಶಕ ಮುಗಿಯುವಷ್ಟರಲ್ಲಿ ಅದರ ತಯಾರಿಕೆಯೂ ನಿಂತಿತು. ಇಂದು ಅದೇ ಆರ್.ಡಿ.ಗೆ ಸಂಗ್ರಾಹಕರು ಕೇಳಿದಷ್ಟು ಕೊಡುತ್ತಾರೆ. 1985ರಲ್ಲಿ ಬಂದ ಯಮಹಾ ಆರ್.ಎಕ್ಸ್. 100ಕ್ಕೂ ಅದೇ ಮರ್ಯಾದೆ. ಆದರೆ ಜಪಾನಿನ ಬೈಕುಗಳನ್ನು ಮೆಚ್ಚುವವರೂ ಯೆಜ್ಡಿಯ ಬಗ್ಗೆ ಮಾತಾಡುವಾಗ 'ನಮ್ಮ ಮೈಸೂರಿನದು' ಎಂಬ ಒಂದು ಪದ ಸೇರಿಸುತ್ತಾರೆ.

ರೋಡ್‌ಕಿಂಗ್‌ನ ಒಂದು ವಿಚಿತ್ರವನ್ನು ವಿವರಿಸಲೇಬೇಕು. ಇದಕ್ಕೆ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ. ಎಡಗಾಲಿನ ಬಳಿ ಇರುವ ಗೇರ್ ಲಿವರನ್ನೇ ಎಂಜಿನ್ನಿನ ಕಡೆಗೆ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತದೆ. ಸ್ಟಾರ್ಟ್ ಆದ ಮೇಲೆ ಮತ್ತೆ ಕೆಳಗಿಳಿಸಿದರೆ ಗೇರ್. ಲಿವರನ್ನು ಕಾಲಿನಿಂದ ಒತ್ತಿದಾಗ ಅದು ತಾನೇ ಕ್ಲಚ್ಚನ್ನೂ ಬಿಡಿಸುತ್ತದೆಯಾದ್ದರಿಂದ, ಅಭ್ಯಾಸವಿದ್ದವರು ಕೈಯ ಕ್ಲಚ್ ಮುಟ್ಟದೆಯೇ ಗೇರ್ ಬದಲಿಸುತ್ತಿದ್ದರು. ಒಂದೇ ಸಿಲಿಂಡರಿಗೆ ಎರಡು ಹೊಗೆದಾರಿ, ಎರಡು ಸೈಲೆನ್ಸರ್. ದೂರದಿಂದಲೇ ಗುರುತು ಹಿಡಿಯಬಹುದಾದ ಅದರ ಸದ್ದಿಗೆ ಈ ಜೋಡಿ ಕೊಳವೆಯೂ ಒಂದು ಕಾರಣ. ಮಾವ ಸೂಳೆಕೆರೆ ಏರಿಯ ಮೇಲೆ ಬರುತ್ತಿರುವಾಗಲೇ ಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದರು ಎಂದು ಅಮ್ಮ ಹೇಳುವುದುಂಟು. ಸ್ವಲ್ಪ ಉತ್ಪ್ರೇಕ್ಷೆ ಇರಬೇಕು.

ಇಷ್ಟು ಗಟ್ಟಿ ಗಾಡಿ ಮಾಡುತ್ತಿದ್ದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಎಂಬತ್ತರ ದಶಕದ ನಡುವಿನಲ್ಲಿ ಬಂದ 100 ಸಿ.ಸಿ. ಫೋರ್ ಸ್ಟ್ರೋಕ್ ಬೈಕುಗಳು ಲೀಟರಿಗೆ 80 ಕಿ.ಮೀ.ನ ಮಾತಾಡುತ್ತಿದ್ದಾಗ ಯೆಜ್ಡಿ 30ರ ಆಸುಪಾಸಿನಲ್ಲಿತ್ತು. ಟೂ ಸ್ಟ್ರೋಕ್ ಎಂಜಿನ್ನುಗಳ ಹೊಗೆಯ ಮೇಲೆ ಸರ್ಕಾರದ ಕಣ್ಣೂ ಬಿದ್ದಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿಯ ಮೂಲಕ ಮಾರುಕಟ್ಟೆಗೆ ಮರಳಿದವು. ಆದರೆ ಅವು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳ ಬಿಡಿಭಾಗ ನಮ್ಮ ಶೆಡ್ಡಿನ ಗಾಡಿಗೆ ಉಪಯೋಗವಿಲ್ಲ.

ಈಗ ಶೆಡ್ಡಿಗೆ ಬರೋಣ. ಕಿಕ್ಕರ್ ಮೇಲೆತ್ತಿ ಒತ್ತಿದರೆ ಕಲ್ಲು ಒತ್ತಿದಂತಾಯಿತು. ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡಿತ್ತು. ಮಾವನ ಮಗ ಸುತ್ತಿಗೆ ತರಲು ಹೊರಟ. ಅಷ್ಟರಲ್ಲಿ ಯಾರೋ ಹೊನ್ನಾಳಿಯಲ್ಲಿ ಯೆಜ್ಡಿಯನ್ನೇ ಬಿಚ್ಚಿ ಜೋಡಿಸಿ ಬದುಕಿದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ ಎಂದು ತಿಳಿಸಿದರು. ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದ ಆ ಅಜ್ಜನಿಗೆ ಕಣ್ಣು ಮಂಜು, ಆದರೆ ಕೈ ಮಂಜಲ್ಲ. ನಾವು ಹೇಳಿದ್ದನ್ನೆಲ್ಲ ಕೇಳಿ, "ಹೊಡೀಬ್ಯಾಡ್ರಿ ತಮ್ಮಾ. ಪ್ಲಗ್ ಬಿಚ್ಚಿ ಡೀಸೆಲ್ ಹಾಕಿ ಸುಮ್ಕೆ ಬಿಡ್ರಿ. ಅದು ತಾನೇ ಬಿಡ್ತದೆ," ಎಂದರು.

ಅದರ ಹಿಂದಿನ ಕಾರಣ ಸರಳ. ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನ ತೆಳುಪದರದಿಂದ ಅಂಟಿಕೊಂಡಿರುತ್ತವೆ. ಪ್ಲಗ್ಗಿನ ತೂತಿನಿಂದ ಸುರಿದ ಡೀಸೆಲ್ ನಿಧಾನವಾಗಿ ಆ ಸಂದಿಗೆ ಇಳಿಯುತ್ತದೆ. ದಿನಕ್ಕೊಮ್ಮೆ ಗಾಡಿಯನ್ನು ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಿಸಬೇಕು. ಸುತ್ತಿಗೆ ಹಿಡಿದರೆ ಪಿಸ್ಟನ್ನಿನ ತಲೆ ಒಡೆಯುತ್ತದೆ, ಇಲ್ಲವೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಮ್ಮದು ಒಂಬತ್ತನೆಯ ದಿನ 'ಟಕ್' ಎಂದಿತು. ಅತ್ತೆ ಒಳಗಿನಿಂದ ಏನಾಯ್ತೆಂದು ಓಡಿಬಂದರು.

ಬಿಚ್ಚುವ ಕೆಲಸದಲ್ಲಿ ನಾವು ಕಲಿತ ಮೊದಲ ಪಾಠ ಮೊಬೈಲಿನದು. ಪ್ರತಿ ನಟ್ಟು ಬಿಚ್ಚುವ ಮೊದಲು ಒಂದು ಫೋಟೊ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಭಾಗವಾರು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಮೇಲೆ ಹೆಸರು ಬರೆಯಬೇಕು. ಇದನ್ನು ಮೊದಲ ದಿನ ಮಾಡಲಿಲ್ಲ. ಅದರ ಫಲವಾಗಿ ಯಾವುದೋ ಒಂದು ವಾಷರ್ ಇಂದಿಗೂ ನನ್ನ ಮೇಜಿನ ಮೇಲೆ ಉಳಿದುಕೊಂಡಿದೆ.

ಟೂ ಸ್ಟ್ರೋಕ್ ಎಂಜಿನ್ನು ಹೇಗೆ ಉಸಿರಾಡುತ್ತದೆಂಬುದನ್ನು ತಿಳಿಯದೆ ಅದನ್ನು ರಿಪೇರಿ ಮಾಡುವುದು ಕಷ್ಟ. ಫೋರ್ ಸ್ಟ್ರೋಕಿನಲ್ಲಿರುವಂತೆ ಇದರಲ್ಲಿ ತೆರೆದು ಮುಚ್ಚುವ ವಾಲ್ವುಗಳಿಲ್ಲ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಗೆ ಗಾಳಿ, ಪೆಟ್ರೋಲು, ಆಯಿಲ್ಲಿನ ಮಿಶ್ರಣ ಹೀರಲ್ಪಡುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಮೇಲಿನ ಕೋಣೆಗೆ ನುಗ್ಗುತ್ತದೆ. ಅಂದರೆ ಕೆಳಗಿನ ಕೋಣೆ ಒಂದು ಪಂಪಿನಂತೆ. ಅದು ಗಾಳಿ ಸೋರಬಾರದು. ಕ್ರ್ಯಾಂಕಿನ ಎರಡೂ ತುದಿಯಲ್ಲಿ ರಬ್ಬರಿನ ಆಯಿಲ್ ಸೀಲುಗಳಿರುವುದು ಇದಕ್ಕಾಗಿಯೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ರಬ್ಬರು ಒಣಗಿ ಬಿರುಸಾಗುತ್ತದೆ. ಒಂದು ಕಡೆಯ ಸೀಲು ಹೋದರೆ ಗೇರ್ ಆಯಿಲ್ ಒಳಗೆ ಸೆಳೆದು ಬಿಳಿ ಹೊಗೆ ಕಾರುತ್ತದೆ. ಇನ್ನೊಂದು ಕಡೆಯದು ಹೋದರೆ ಹೆಚ್ಚುವರಿ ಗಾಳಿ ನುಗ್ಗಿ ಎಂಜಿನ್ನು ಮಿತಿಮೀರಿ ಕಾಯುತ್ತದೆ, ಮತ್ತೆ ಪಿಸ್ಟನ್ ಕಚ್ಚುತ್ತದೆ. ಹೊಸ ಬಣ್ಣಕ್ಕೆ ಸಾವಿರಗಟ್ಟಲೆ ಸುರಿದು ಈ ಸೀಲುಗಳನ್ನು ಬದಲಿಸದವರ ಕಥೆಗಳನ್ನು ಹೊನ್ನಾಳಿಯ ಅಜ್ಜ ಒಂದೊಂದಾಗಿ ಹೇಳಿದರು.

ಸಿಲಿಂಡರನ್ನು ದಾವಣಗೆರೆಯ ಲೇತ್ ಅಂಗಡಿಗೆ ಒಯ್ದೆವು. ಒಳಗೋಡೆ ಗೀಚಿದ್ದರೆ ಅಳತೆ ನೋಡಿ ಕೊಂಚ ಅಗಲಿಸಿ, ಅದಕ್ಕೆ ತಕ್ಕ ದಪ್ಪನೆಯ ಪಿಸ್ಟನ್ ಹಾಕುವುದು ಪದ್ಧತಿ. ಇದಕ್ಕೇ 'ಬೋರ್ ಮಾಡಿಸುವುದು' ಎನ್ನುತ್ತಾರೆ. ಮೂಲ ಅಳತೆ 65 ಮಿ.ಮೀ. ಹಲವು ಬಾರಿ ಬೋರ್ ಆಗಿದ್ದರೆ ಗೋಡೆ ತೆಳುವಾಗಿ, ಹೊಸ ಲೈನರ್ ಕೂರಿಸುವುದೊಂದೇ ದಾರಿ. ನಮ್ಮ ಅದೃಷ್ಟಕ್ಕೆ ಮಾವ ಒಂದೇ ಸಲ ಬೋರ್ ಮಾಡಿಸಿದ್ದರು. ಪಿಸ್ಟನ್ ಎಲ್ಲಿಯದು? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಮೈಸೂರಿನಲ್ಲಿ ಹುಡುಕಿದರೆ ಸಿಗುತ್ತದೆ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಬಿಡಿಭಾಗ ಮಾಡುವವರು ನಿಂತಿಲ್ಲ. ಅವುಗಳಲ್ಲಿ ಒಳ್ಳೆಯದೂ ಇದೆ, ಒಂದು ಮಳೆಗಾಲ ಬಾಳದ್ದೂ ಇದೆ.

ಸೈಲೆನ್ಸರಿನ ಒಳಕೊಳವೆಯಲ್ಲಿ ಆಯಿಲ್ಲು ಉರಿದ ಮಸಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೆಗೆಯದಿದ್ದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಹಳ್ಳಿಯ ಹಳೆಯ ಉಪಾಯ ಅದನ್ನು ಬೆಂಕಿಯಲ್ಲಿಟ್ಟು ಸುಡುವುದು. ನಮಗೆ ಅಡಿಕೆ ಬೇಯಿಸುವ ಒಲೆಯೇ ಇತ್ತು. ಅತ್ತೆಯ ಕಣ್ಣು ತಪ್ಪಿಸಿ ಆ ಕೆಲಸವಾಯಿತು. ಟ್ಯಾಂಕಿನ ತುಕ್ಕಿಗೆ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದು ಹಿಡಿ ಹಳೆಯ ನಟ್ಟುಗಳನ್ನು ಹಾಕಿ ಅಲುಗಾಡಿಸಿದೆವು. ಬಳಿಕ ಅಡಿಗೆ ಸೋಡದ ನೀರಿನಿಂದ ತೊಳೆದು, ಒಣಗಿಸಿ, ತಡಮಾಡದೆ ಒಳಗೆ ಆಯಿಲ್ ಸವರಬೇಕು. ಇಲ್ಲವಾದರೆ ಮರುದಿನವೇ ಹೊಸ ತುಕ್ಕು ಏಳುತ್ತದೆ. ಟ್ಯಾಂಕಿನ ತೂತಿಗೆ ವೆಲ್ಡಿಂಗ್ ಮಾಡಿಸುವ ಮಾತು ಬಂದರೆ ಒಂದು ಎಚ್ಚರ. ವರ್ಷಗಳ ಹಿಂದೆ ಖಾಲಿಯಾದ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ. ಕಿಡಿ ತಾಗಿದರೆ ಅದು ಬಾಂಬು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರು ಪೈಪುಗಳನ್ನೂ ಬೂಚಿನ ವಾಷರುಗಳನ್ನೂ ಕೆಡಿಸುತ್ತದೆ. ದಿನಾ ಓಡಿಸುವ ಗಾಡಿಗೆ ಅಷ್ಟು ಅಪಾಯವಿಲ್ಲ. ತಿಂಗಳಿಗೊಮ್ಮೆ ಹೊರತೆಗೆಯುವ ಗಾಡಿಯ ಟ್ಯಾಂಕು, ಕಾರ್ಬುರೇಟರುಗಳಲ್ಲಿ ಪೆಟ್ರೋಲು ಉಳಿಸದೆ ಬಸಿದಿಡುವುದೇ ಕ್ಷೇಮ. ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸುವ ಅಳತೆಯ ವಿಷಯದಲ್ಲಿ ಇಬ್ಬರು ಮೆಕ್ಯಾನಿಕ್ಕುಗಳು ಒಪ್ಪಿದ್ದನ್ನು ನಾನು ಕಾಣೆ. ಲೀಟರಿಗೆ 30ರಿಂದ 40 ಮಿ.ಲೀ. ಎಂಬುದು ಸಾಮಾನ್ಯ ರೂಢಿ.

ಬಿಡಿಭಾಗದ ಬೇಟೆಯಲ್ಲಿ ಜಗಳೂರಿಗೂ ಹೋದೆವು. ಮಳೆ ಕಡಿಮೆಯ ಆ ಬಯಲುಸೀಮೆ ಬೇಸಾಯಗಾರನಿಗೆ ಕಷ್ಟ, ಕಬ್ಬಿಣಕ್ಕೆ ಮಾತ್ರ ಸುಖ. ಚನ್ನಗಿರಿಯ ತೋಟದ ತಂಪಿನಲ್ಲಿ ನಮ್ಮ ಗಾಡಿಯ ಮಡ್‌ಗಾರ್ಡು ಜರಡಿಯಾಗಿತ್ತು. ಜಗಳೂರಿನ ಹಳ್ಳಿಯೊಂದರಲ್ಲಿ ತಗಡಿನ ಚಾವಣಿಯಡಿ ನಿಂತಿದ್ದ ಇನ್ನೊಂದು ರೋಡ್‌ಕಿಂಗ್‌ನ ಮಡ್‌ಗಾರ್ಡು, ಚಕ್ರದ ರಿಮ್ಮುಗಳ ಕ್ರೋಮು ದೂಳಿನ ಕೆಳಗೆ ಹಾಗೆಯೇ ಹೊಳೆಯುತ್ತಿತ್ತು. ಆದರೆ ಅದೇ ದೂಳು ಕಾರ್ಬುರೇಟರಿನ ಮೂಲಕ ಒಳಹೊಕ್ಕು ಸಿಲಿಂಡರನ್ನು ಸವೆಸಿ ಹಾಕಿತ್ತು. ಅದರ ಒಡೆಯರು, "ಇಡೀ ಎಂಜಿನ್ನೇ ಒಯ್ರಿ, ಬಿಡಿಬಿಡಿ ಯಾಕೆ?" ಎಂದರು. ಮಾವನ ಮಗನಿಗೆ ಆಸೆಯಾಯಿತು. ನಾವು ಅಲ್ಲಿ ಎಡವಿದ್ದರೆ ಮುಂದೆ ಎಲ್ಲವೂ ಹಾಳಾಗುತ್ತಿತ್ತು. ಏಕೆಂದರೆ ಎಂಜಿನ್ನಿನ ಮೇಲೂ ಚಾಸಿಯ ಮೇಲೂ ಕೊರೆದಿರುವ ಸಂಖ್ಯೆಗಳು ಆರ್.ಸಿ. ಪುಸ್ತಕಕ್ಕೆ ತಾಳೆಯಾಗಬೇಕು. ಆರ್.ಟಿ.ಒ. ಕಚೇರಿಯಲ್ಲಿ ಆ ಸಂಖ್ಯೆಗಳ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದ ಅಚ್ಚು ಕೇಳುತ್ತಾರೆ. ಬೇರೆ ಎಂಜಿನ್ನು ಕೂರಿಸಿದರೆ ಗಾಡಿ ಓಡುತ್ತದೆ, ಕಾಗದ ಓಡುವುದಿಲ್ಲ. ಚಾಸಿಗೆ ಹೊಸ ಬಣ್ಣ ಹೊಡೆಸುವಾಗ ಉಜ್ಜಿ ಉಜ್ಜಿ ಸಂಖ್ಯೆಯನ್ನೇ ಅಳಿಸಿಕೊಂಡವರೂ ಇದ್ದಾರಂತೆ. ನಾವು ಮಡ್‌ಗಾರ್ಡು, ರಿಮ್ಮುಗಳನ್ನಷ್ಟೇ ತಂದೆವು.

ಬಣ್ಣದ ಮಾತು ಬಂದಿತು. ಎಷ್ಟರ ಮಟ್ಟಿಗೆ ಹೊಸದು ಮಾಡಬೇಕು ಎಂಬುದು ಹಳೆಯ ವಾಹನಗಳ ಪ್ರಪಂಚದಲ್ಲಿ ದೊಡ್ಡ ಜಗಳ. 'ಫೀವಾ' ಎಂಬ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು, ಇರುವುದನ್ನು ಇದ್ದಂತೆ ಕಾಪಾಡುವುದಕ್ಕೆ ಮೊದಲ ಸ್ಥಾನ ಕೊಟ್ಟು, ಹೊಸದಾಗಿ ಮಾಡುವುದನ್ನು ಕೊನೆಯ ಉಪಾಯವಾಗಿ ನೋಡುತ್ತದೆ. ಸಂತೇಬೆನ್ನೂರಿನ ಪುಷ್ಕರಿಣಿಯ ವಸಂತ ಮಂಟಪ ಹಳತಾಗಿದೆಯೆಂದು ಯಾರಾದರೂ ಅದಕ್ಕೆ ಆಯಿಲ್ ಪೇಂಟ್ ಬಳಿದರೆ ನಾವು ಸುಮ್ಮನಿರುತ್ತೇವೆಯೆ? ಬೈಕಿಗೆ ಮಾತ್ರ ನಮ್ಮ ಕಡೆ ಎರಡನೆಯ ಯೋಚನೆಯೇ ಇಲ್ಲದೆ ಹೊಳೆಯುವ ಬಣ್ಣ, ದಪ್ಪ ಟೈರು, ಬೊಬ್ಬಿರಿಯುವ ಸೈಲೆನ್ಸರು ಹಾಕಿಸುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಟ್ಯಾಂಕಿನ ಎರಡೂ ಬದಿ ಮಾವನ ಮೊಣಕಾಲು ತಾಗಿ ತಾಗಿ ಬಣ್ಣ ಸವೆದಿತ್ತು. ಅದನ್ನು ಹಾಗೆಯೇ ಬಿಡಬೇಕೆಂದು ನಾನು, ಹೊಸ ಬಣ್ಣ ಆಗಲೇಬೇಕೆಂದು ಮಾವನ ಮಗ. ಅತ್ತೆಯ ತೀರ್ಪಿನಂತೆ ಟ್ಯಾಂಕು ಉಳಿಯಿತು, ತುಕ್ಕು ಹಿಡಿದ ಉಳಿದ ಭಾಗಗಳಿಗೆ ಕರಿಬಣ್ಣವಾಯಿತು.

ಇನ್ನು ಕಾಗದ. ಆರ್.ಸಿ. ಪುಸ್ತಕ ತೆಗೆದಾಗ ಎದೆ ಧಸಕ್ಕೆಂದಿತು. ಅದರಲ್ಲಿ ಮಾವನ ಹೆಸರೇ ಇರಲಿಲ್ಲ! ನ್ಯಾಮತಿಯ ಒಬ್ಬರು 1991ರಲ್ಲಿ ಹೊಸದಾಗಿ ಕೊಂಡ ಗಾಡಿಯನ್ನು ಮಾವ 1996ರಲ್ಲಿ ಕೈಬದಲಿನ ವ್ಯವಹಾರದಲ್ಲಿ ತಂದಿದ್ದರು. ಅಂದು ಸಹಿ ಮಾಡಿಸಿದ್ದ ಖಾಲಿ ಫಾರಂಗಳನ್ನು ಗೆದ್ದಲು ತಿಂದಿತ್ತು. ಹೀಗೆ ಹೆಸರು ಬದಲಾಯಿಸದೆ ಓಡಿಸಿದ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಕಾನೂನಿನ ಕಣ್ಣಿಗೆ ಅದು ಇಂದಿಗೂ ನ್ಯಾಮತಿಯವರದೇ.

ನಂಬರು ಕೆಎ 14, ಅಂದರೆ ಶಿವಮೊಗ್ಗದ್ದು. ಜಗಳೂರಿನ ಗಾಡಿಯದು ಕೆಎ 16, ಚಿತ್ರದುರ್ಗದ್ದು. ಇಂದು ಈ ಊರುಗಳೆಲ್ಲ ಕೆಎ 17ರ ದಾವಣಗೆರೆಯವು. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಆಗ ಹೊನ್ನಾಳಿಗೆ ಸೇರಿತ್ತು. ಪ್ರತ್ಯೇಕ ತಾಲ್ಲೂಕಾಗಿದ್ದು ಎರಡು ದಶಕಗಳ ನಂತರ. ಜಿಲ್ಲೆ ಬದಲಾಯಿತು, ಕೈಬರಹದ ಹಳೆಯ ನೋಂದಣಿ ಮಾತ್ರ ಹಳೆಯ ಜಿಲ್ಲೆಯದೇ. ಕಂಪ್ಯೂಟರಿಗೆ ಏರದ ಇಂಥ ದಾಖಲೆಯನ್ನು ಮೊದಲು ಹಳೆಯ ಕಡತದಿಂದ ಹುಡುಕಿ ಸೇರಿಸಬೇಕು, ಬಳಿಕ ಉಳಿದದ್ದು.

ಉಳಿದದ್ದೆಂದರೆ ಹೀಗೆ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಿಂದ 1000 ರೂಪಾಯಿಯಾಯಿತು. 20 ವರ್ಷ ಮೀರಿದ ಬೈಕುಗಳಿಗೆ 2025ರ ಆಗಸ್ಟ್‌ನಲ್ಲಿ 2000 ಆಯಿತು. ತಡಮಾಡಿದ ತಿಂಗಳುಗಳಿಗೆ ದಂಡ ಬೇರೆ. 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳಿಗೆ 2021ರ ನಿಯಮದಂತೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯಿದೆ, ಹೊಸದಾಗಿ ಮಾಡಿಸಲು 20 ಸಾವಿರ ರೂಪಾಯಿ. ಮೈಸೂರಿನ ಮೊದಮೊದಲ ಜಾವಾಗಳು ಆ ಗೆರೆ ದಾಟಿವೆ, ರೋಡ್‌ಕಿಂಗ್‌ಗಳು ಇನ್ನೂ ಕಾಯಬೇಕು. ಹೊಗೆ ಪರೀಕ್ಷೆಗೆ ಹೆದರಬೇಕಾಗಿಲ್ಲ. 2000ದ ಮಾರ್ಚ್‌ಗೆ ಮೊದಲು ತಯಾರಾದ ಬೈಕುಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ 4.5. ಹದವಾಗಿ ಟ್ಯೂನ್ ಮಾಡಿದ ಎಂಜಿನ್ನು ಇದನ್ನು ದಾಟಬಲ್ಲದು.

ಹೆಸರು ಬದಲಾವಣೆಗೆ ಮಾರಿದವರೂ ಕೊಂಡವರೂ ಫಾರಂ 29, 30ಕ್ಕೆ ಸಹಿ ಹಾಕಬೇಕು. ಆರ್.ಸಿ.ಯಲ್ಲಿರುವ ಮಾಲೀಕರೇ ತೀರಿಕೊಂಡಿದ್ದರೆ ಅವರ ವಾರಸುದಾರರು ಮೊದಲು ಫಾರಂ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ನಮಗೆ ಕೊಡಬೇಕು. ಮಕ್ಕಳು ನಾಲ್ಕು ಊರಿನಲ್ಲಿದ್ದರೆ ಗಾಡಿಯ ಆಸೆ ಬಿಟ್ಟಂತೆಯೇ. ನ್ಯಾಮತಿಗೆ ಹೋಗುವ ದಾರಿಯುದ್ದಕ್ಕೂ ನಮ್ಮ ತಲೆಯಲ್ಲಿದ್ದ ಪ್ರಶ್ನೆ ಅದೊಂದೇ.

ಅವರಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಜಗುಲಿಯ ಮೇಲೆ ಪೇಪರು ಓದುತ್ತಾ ಕೂತಿದ್ದರು. ನಂಬರು ಹೇಳಿದೊಡನೆ ಗಾಡಿಯ ಬಣ್ಣ, ಕೊಂಡ ತಿಂಗಳು ಎಲ್ಲ ಅವರೇ ಹೇಳಿದರು. ಮಾವ ತೀರಿಕೊಂಡ ಸುದ್ದಿ ಅವರಿಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಹಿಗೆ ದುಡ್ಡು ಕೇಳಬಹುದೆಂದು ನಾವು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆವು. ಅವರು ಕೇಳಿದ್ದು ಬೇರೆ. "ಸಹಿ ಹಾಕ್ತೀನಿ. ಸ್ಟಾರ್ಟ್ ಆದ ದಿನ ನನ್ನ ಕರ್ಕೊಂಡು ಹೋಗ್ರಿ."

ಕರೆದುಕೊಂಡು ಬಂದೆವು. ಪಾಯಿಂಟಿನ ಸಂದಿ 0.4 ಮಿ.ಮೀ.ಗೆ ಸರಿಪಡಿಸಿ, ಹೊಸ ಪ್ಲಗ್ ಹಾಕಿ, ನಾವಿಬ್ಬರೂ ಹುಡುಗರು ಬೆವರು ಸುರಿಸಿ ಒದೆದರೂ ಗಾಡಿ ಕೆಮ್ಮಿತೇ ಹೊರತು ಹತ್ತಲಿಲ್ಲ. ಅಜ್ಜ ಕೋಲನ್ನು ಗೋಡೆಗೆ ಒರಗಿಸಿ ಹತ್ತಿರ ಬಂದರು. ಕೀಲಿ ಆಫ್ ಮಾಡಿಸಿ, ಮೆಲ್ಲಗೆ ಎರಡು ಸಲ ಸುಮ್ಮನೆ ಒತ್ತಿಸಿದರು. ಪೆಟ್ರೋಲು ಎಳೆಯಲಿ ಎಂದರು. ಆಮೇಲೆ ಕೀಲಿ ಹಾಕಿ, "ಈಗ ಒದಿ, ಅರ್ಧ ಕಾಲಾಗೆ ಬಿಡಬ್ಯಾಡ" ಎಂದರು. ಮೂರನೆಯ ಒದೆತಕ್ಕೆ ಶೆಡ್ಡು ತುಂಬ ನೀಲಿ ಹೊಗೆ. ಅತ್ತೆ ಹೊರಗೆ ಬಂದು ಬಾಗಿಲ ಬಳಿ ನಿಂತರು. ಮತ್ತೆ ಒಳಗೆ ಹೋದವರು ಕಾಫಿ ತಂದರು.

ಸಹಿಯಾದ ಫಾರಂಗಳು ಕಚೇರಿ ಸೇರಿವೆ, ಹಳೆಯ ಕಡತದ ಹುಡುಕಾಟ ನಡೆದಿದೆ. ನೋಂದಣಿ, ವಿಮೆ ಆಗುವವರೆಗೆ ಗಾಡಿ ರಸ್ತೆಗಿಳಿಯುವಂತಿಲ್ಲ. ಭಾನುವಾರ ಮಾವನ ಮಗ ಅದನ್ನು ಕಣದಲ್ಲಿ ಎರಡು ಸುತ್ತು ಹೊಡೆಸಿ, ಟ್ಯಾಂಕಿನ ಪೆಟ್ರೋಲು ಬಸಿದು, ಮತ್ತೆ ಗೋಣಿ ಹೊದಿಸುತ್ತಾನೆ. ಅಡಿಕೆ ಹಂಡೆಗೆ ಅಡ್ಡವಾಗದಿರಲೆಂದು ಈಗ ಅದರ ಜಾಗ ಪಡಸಾಲೆ.